ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಗಾದೆಗಳಲ್ಲಿ ಇಷ್ಟು ನಿರ್ದಯವಾದದ್ದು ಇನ್ನೊಂದು ಇರಲಾರದು. ಈ ಗಾದೆ ಕುಣಿಯುವವಳ ಮಾತು ಕೇಳುವುದಿಲ್ಲ, ಎದ್ದು ಹೋಗಿ ನೆಲವನ್ನು ನೋಡುವುದೂ ಇಲ್ಲ. ಕೂತಲ್ಲೇ ತೀರ್ಪು ಕೊಟ್ಟುಬಿಡುತ್ತದೆ. 1976ರಿಂದೀಚೆಗೆ ಭಾರತದ ಹಾಕಿಯ ಮಾತು ಬಂದಾಗಲೆಲ್ಲ ಈ ತೀರ್ಪನ್ನು ನಾನು ಕೇಳಿದ್ದೇನೆ. ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷ ಚರಿತ್ರೆ ಪಾಠ ಹೇಳಿದವನು ನಾನು. ಕೊಡಗಿನಲ್ಲಿ ಹಾಕಿಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದು ಕಷ್ಟ. ಪ್ಲಾಸ್ಟಿಕ್ ಹುಲ್ಲು ಬಂದು ನಮ್ಮ ಆಟ ಕೆಟ್ಟಿತು ಎಂದು ಒಬ್ಬರು ಅಂದರೆ, ಆಡಲು ಬಾರದವರಿಗೆ ನೆಲದ ನೆಪ ಎಂದು ಇನ್ನೊಬ್ಬರು ಅನ್ನುತ್ತಿದ್ದರು. ಅಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ಚರಿತ್ರೆಯ ಮೇಷ್ಟ್ರ ಕೆಲಸ ಗಾದೆಯನ್ನು ನಂಬುವುದಲ್ಲ, ನೆಲವನ್ನು ಹೋಗಿ ನೋಡುವುದು. ಹಾಗೆ ನೋಡಲು ಹೊರಟಾಗ ತಿಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ಲಾಸ್ಟಿಕ್ ಹುಲ್ಲಿನ ಹುಟ್ಟಿಗೂ ಹಾಕಿಗೂ ಯಾವ ನಂಟೂ ಇರಲಿಲ್ಲ. ಅದು ಹುಟ್ಟಿದ್ದು ಅಮೆರಿಕದಲ್ಲಿ, ಮಕ್ಕಳ ಮೇಲಿನ ಕಾಳಜಿಯಿಂದ. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ಬಂದ ಹುಡುಗರನ್ನು ನೋಡಿದಾಗ, ಹಳ್ಳಿಯ ಹುಡುಗರಿಗಿಂತ ನಗರದ ಹುಡುಗರು ದೈಹಿಕವಾಗಿ ದುರ್ಬಲರಾಗಿದ್ದಾರೆ ಎಂಬ ಚಿಂತೆ ಅಲ್ಲಿ ಹುಟ್ಟಿತು. ನಗರದ ಶಾಲೆಗಳಿಗೆ ಮೈದಾನವಿಲ್ಲ, ಇದ್ದರೂ ಅದು ಸಿಮೆಂಟಿನದು. ಬಿದ್ದರೆ ಮಂಡಿ ಒಡೆಯುತ್ತದೆ. ಹುಲ್ಲು ಬೆಳೆಸೋಣವೆಂದರೆ ನೂರಾರು ಮಕ್ಕಳ ಕಾಲ್ತುಳಿತಕ್ಕೆ ಅದು ಒಂದು ತಿಂಗಳೂ ಬಾಳುವುದಿಲ್ಲ. ಫೋರ್ಡ್ ಫೌಂಡೇಶನ್ 1958ರಲ್ಲಿ ಶಾಲಾ ಕಟ್ಟಡಗಳ ಬಗ್ಗೆ ಯೋಚಿಸುವುದಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿತ್ತು. ಎಷ್ಟು ತುಳಿದರೂ ಸಾಯದ ಹುಲ್ಲೊಂದನ್ನು ಯಾರಾದರೂ ಮಾಡಿಕೊಡಬಾರದೇ ಎಂಬ ಆಸೆಗೆ ಆ ಸಂಸ್ಥೆ ಒತ್ತಾಸೆಯಾಗಿ ನಿಂತಿತು.

ಮಾಡಿಕೊಟ್ಟವರು ಮೊನ್ಸಾಂಟೊ ಕಂಪನಿಯ ಅಂಗವಾಗಿದ್ದ ಕೆಮ್‌ಸ್ಟ್ರಾಂಡ್‌ನವರು. ರತ್ನಗಂಬಳಿಗೆ ಬೇಕಾಗುವ ನೈಲಾನ್ ನೂಲು ತೆಗೆಯುವುದು ಅವರ ಕಸುಬು. ಆ ನೈಲಾನನ್ನೇ ಚಪ್ಪಟೆ ಎಳೆಗಳಾಗಿ ಎಳೆದು, ಹಸಿರು ಬಣ್ಣ ಕೊಟ್ಟು, ಒಂದು ಹಾಸಿಗೆ ಒತ್ತಾಗಿ ಪೋಣಿಸಿ, ಕೆಳಗೆ ಮೆತ್ತನೆಯ ಪದರವನ್ನು ಕೊಟ್ಟರೆ ಹುಲ್ಲು ಸಿದ್ಧ. ಜೇಮ್ಸ್ ಫರಿಯಾ, ರಾಬರ್ಟ್ ರೈಟ್ ಎಂಬ ಇಬ್ಬರ ಹೆಸರಿನಲ್ಲಿ ಇದರ ಪೇಟೆಂಟ್ 1967ರಲ್ಲಿ ಬಂತು. ಅದಕ್ಕೂ ಮೊದಲೇ, 1964ರಲ್ಲಿ, ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ನಗರದಲ್ಲಿರುವ ಮೋಸೆಸ್ ಬ್ರೌನ್ ಶಾಲೆಯಲ್ಲಿ ಇದನ್ನು ಹಾಸಿ ಪರೀಕ್ಷೆ ಮಾಡಿದ್ದರು. ಆಗ ಇದರ ಹೆಸರು ಕೆಮ್‌ಗ್ರಾಸ್. ರಾಸಾಯನಿಕ ಹುಲ್ಲು ಅನ್ನಬಹುದು. ಹೆಸರಿನಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ಇದು ಹೀಗೆಯೇ ಶಾಲೆಗಳಲ್ಲಿ ಉಳಿದಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ ರಾಯ್ ಹಾಫ್‌ಹೈನ್ಸ್ ಎಂಬ ಮಹಾಶಯರಿದ್ದರು. ಬಿಸಿಲು, ಸೆಕೆ, ಸೊಳ್ಳೆ ಮೂರರಿಂದಲೂ ಬೇಸ್‌ಬಾಲ್ ಆಟವನ್ನು ಕಾಪಾಡಲು ಇಡೀ ಮೈದಾನಕ್ಕೇ ಸೂರು ಕಟ್ಟಿಸಿದರು. ಆಸ್ಟ್ರೋಡೋಮ್ ಎಂಬ ಆ ಕ್ರೀಡಾಂಗಣ 1965ರಲ್ಲಿ ತೆರೆಯಿತು. ಜಗತ್ತಿನ ಎಂಟನೆಯ ಅದ್ಭುತ ಎಂದು ಕರೆಸಿಕೊಂಡಿತು. ಒಳಗೆ ನಿಜವಾದ ಹುಲ್ಲೇ ಇತ್ತು. ಅದಕ್ಕೆ ಬೆಳಕು ಬೇಕಲ್ಲ ಎಂದು ಸೂರಿಗೆ ಪಾರದರ್ಶಕ ಫಲಕಗಳನ್ನು ಕೂರಿಸಿದ್ದರು. ಆ ಫಲಕಗಳಿಂದ ಬಂದ ಪ್ರಖರ ಬೆಳಕಿನಲ್ಲಿ ಮೇಲಕ್ಕೆ ಹಾರಿದ ಚೆಂಡು ಆಟಗಾರರ ಕಣ್ಣಿಗೆ ಕಾಣದಾಯಿತು. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಸತ್ತ ಹುಲ್ಲಿಗೂ ಬರಿ ಮಣ್ಣಿಗೂ ಹಸಿರು ಬಣ್ಣ ಬಳಿದು ಆ ವರ್ಷದ ಆಟವನ್ನು ಹೇಗೋ ಮುಗಿಸಿದರು. 1966ರಲ್ಲಿ ಕೆಮ್‌ಗ್ರಾಸ್ ತಂದು ಹಾಸಿದರು. ಆಸ್ಟ್ರೋಡೋಮಿನ ಹೆಸರು ಹುಲ್ಲಿಗೂ ಅಂಟಿ ಅದು ಆಸ್ಟ್ರೋಟರ್ಫ್ ಆಯಿತು. ನಮ್ಮಲ್ಲಿ ಜೆರಾಕ್ಸ್, ಡಾಲ್ಡಾ ಎಂದಂತೆ, ಯಾವ ಕಂಪನಿಯ ಪ್ಲಾಸ್ಟಿಕ್ ಹುಲ್ಲಾದರೂ ಜನರ ಬಾಯಲ್ಲಿ ಅದು ಇವತ್ತಿಗೂ ಆಸ್ಟ್ರೋಟರ್ಫೇ.

ಇದಕ್ಕೆಲ್ಲ ಹತ್ತು ವರ್ಷ ತುಂಬುವಷ್ಟರಲ್ಲಿ ಆ ಹುಲ್ಲು ಹಾಕಿಗೆ ಬಂತು. ಅಲ್ಲಿಂದ ಅದು ನಮ್ಮ ಕಥೆಯೂ ಆಯಿತು.

ನಮ್ಮ ಹಾಕಿ ಎಂಥ ನೆಲದ ಮೇಲೆ ಬೆಳೆಯಿತು ಎಂಬುದನ್ನು ಮೊದಲು ಹೇಳಬೇಕು. ಕೊಡಗಿನಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಯೂ ಮೈದಾನವೇ, ಶಾಲೆಯ ಮುಂದಿನ ಇಳಿಜಾರೂ ಮೈದಾನವೇ. ನಮ್ಮ ಶಾಲೆಯ ಮೈದಾನದ ಒಂದು ಮೂಲೆ ಇನ್ನೊಂದು ಮೂಲೆಗಿಂತ ಆಳೆತ್ತರ ತಗ್ಗಿನಲ್ಲಿತ್ತು. ಮಳೆಗಾಲದಲ್ಲಿ ಅಲ್ಲಿ ಕಪ್ಪೆಗಳದೇ ದರ್ಬಾರು. ಡಿಸೆಂಬರ್ ಬಂತೆಂದರೆ ಗರಿಕೆ ಒಣಗಿ, ಗಟ್ಟಿ ಮಣ್ಣು ಮೇಲೆ ಬಂದು, ಚೆಂಡು ಎತ್ತ ನೆಗೆಯುತ್ತದೆಂದು ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಸ್ಟಿಕ್ ಕೊಳ್ಳಲಾಗದ ಮಕ್ಕಳು ಕಾಫಿ ಗಿಡದ ಡೊಂಕು ಕೊಂಬೆಯನ್ನೋ ಸೀಬೆಯ ಕೊಂಬೆಯನ್ನೋ ಕಡಿದು ತರುತ್ತಿದ್ದರು. ಚೆಂಡು ಸಿಗದಿದ್ದರೆ ಬಿದಿರಿನ ಗೆಡ್ಡೆಯನ್ನು ಕೆತ್ತಿ ಉರುಟು ಮಾಡುತ್ತಿದ್ದರು.

ನಮ್ಮ ಡ್ರಿಲ್ ಮೇಷ್ಟ್ರು ಇದನ್ನು ಕೊರತೆ ಎಂದು ಎಣಿಸಿದವರಲ್ಲ. 'ಸಾರ್, ಈ ನೆಲದಲ್ಲಿ ಚೆಂಡು ಹಿಡಿದವನು ಎಲ್ಲಿ ಬೇಕಾದರೂ ಹಿಡಿಯುತ್ತಾನೆ' ಎನ್ನುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಉಬ್ಬುತಗ್ಗಿನ ನೆಲದಲ್ಲಿ ಚೆಂಡನ್ನು ದೂರ ಹೊಡೆದರೆ ಅದು ಗೆಳೆಯನನ್ನು ತಲುಪುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡೇ ಹೋಗಬೇಕು. ಮಣಿಕಟ್ಟು ಸಡಿಲವಾಗಿರಬೇಕು, ಕಣ್ಣು ಚೆಂಡಿನ ಮೇಲಿರಬೇಕು, ಅದು ನೆಗೆದ ಕ್ಷಣದಲ್ಲೇ ಸ್ಟಿಕ್ ತಿರುಗಬೇಕು. ಜಗತ್ತು ಬೆರಗಾಗಿ ನೋಡುತ್ತಿದ್ದ ಭಾರತದ, ಪಾಕಿಸ್ತಾನದ ಡ್ರಿಬ್ಲಿಂಗ್ ಇಂಥ ನೆಲ ಕಲಿಸಿದ ವಿದ್ಯೆ. 1928ರಿಂದ 1956ರವರೆಗೆ ನಡೆದ ಆರು ಒಲಿಂಪಿಕ್ ಕೂಟಗಳಲ್ಲೂ ಭಾರತ ಚಿನ್ನ ಗೆದ್ದದ್ದು, 1964ರಲ್ಲಿ ಮತ್ತೆ ಗೆದ್ದದ್ದು ಈ ವಿದ್ಯೆಯಿಂದಲೇ. ಕೊಡಗಿನ ಎಂ. ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ತಂಡ ಬೆಳ್ಳಿ ಗೆದ್ದಿತು.

1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ವಿಶ್ವಕಪ್ ಫೈನಲ್. ನಾನಾಗ ಮೈಸೂರಿನಲ್ಲಿ ಓದುತ್ತಿದ್ದೆ. ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆ ರೇಡಿಯೋದಲ್ಲಿ ಬರುತ್ತಿತ್ತು. ನಮ್ಮ ಹಾಸ್ಟೆಲಿನಲ್ಲಿ ಹಿಂದಿ ಬರುತ್ತಿದ್ದವರು ಇಬ್ಬರೋ ಮೂವರೋ. ಆದರೆ ಅವರ ದನಿ ಏರಿದಾಗ ಎಲ್ಲರಿಗೂ ಅರ್ಥವಾಗುತ್ತಿತ್ತು. ಸುರ್ಜಿತ್ ಸಿಂಗ್ ಒಂದು ಗೋಲು, ಧ್ಯಾನ್‌ಚಂದ್ ಅವರ ಮಗ ಅಶೋಕ್ ಕುಮಾರ್ ಇನ್ನೊಂದು. ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಅಜಿತ್‌ಪಾಲ್ ಸಿಂಗ್ ಅವರ ತಂಡ ವಿಶ್ವಕಪ್ ತಂದಿತು. ಆ ತಂಡದಲ್ಲಿ ಕೊಡಗಿನ ಬಿ. ಪಿ. ಗೋವಿಂದ ಇದ್ದರು.

ಹದಿನಾರು ತಿಂಗಳು ಕಳೆಯಿತು. 1976ರ ಜುಲೈ. ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ವಿಶ್ವವಿಜೇತರು ನೆದರ್ಲೆಂಡ್ಸ್ ಎದುರು 1–3ರಿಂದ ಸೋತರು. ಆಸ್ಟ್ರೇಲಿಯಾ ಎದುರು 1–6. ಕೊನೆಗೆ ಸಿಕ್ಕಿದ್ದು ಏಳನೆಯ ಸ್ಥಾನ. 1928ರಿಂದ ಒಂದು ಒಲಿಂಪಿಕ್ಸ್‌ನಲ್ಲೂ ಪದಕವಿಲ್ಲದೆ ಮರಳದಿದ್ದ ತಂಡ ಬರಿಗೈಯಲ್ಲಿ ಬಂತು. ಚಿನ್ನ ಗೆದ್ದದ್ದು ನ್ಯೂಜಿಲೆಂಡ್. ಅದಕ್ಕೆ ಮೊದಲು ಒಲಿಂಪಿಕ್ ಹಾಕಿಯಲ್ಲಿ ಒಂದು ಪದಕವನ್ನೂ ಕಾಣದಿದ್ದ ದೇಶ.

ಇಲ್ಲಿಗೆ ಕಥೆ ನಿಲ್ಲಿಸಿದರೆ ನೆಲವೇ ಅಪರಾಧಿ ಎಂದು ಬರೆದು ಮುಗಿಸಬಹುದು. ಆದರೆ ನ್ಯಾಯ ಹೇಳುವವನು ಎರಡು ಕಡೆಯ ಸಾಕ್ಷಿಯನ್ನೂ ಕೇಳಬೇಕು. ಅದೇ ಮಾಂಟ್ರಿಯಲ್‌ನಲ್ಲಿ, ಆರು ಗೋಲು ಹೊಡೆದಿದ್ದ ಅದೇ ಆಸ್ಟ್ರೇಲಿಯಾದ ಎದುರು ಸೆಮಿಫೈನಲ್ ಸ್ಥಾನಕ್ಕಾಗಿ ಮತ್ತೆ ಆಡಬೇಕಾಗಿ ಬಂದಾಗ ಭಾರತ 1–1ರ ಸಮ ಮಾಡಿಕೊಂಡು, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಮಾತ್ರ ಸೋತಿತು. ಕೆಲವೇ ದಿನಗಳಲ್ಲಿ ನಮ್ಮವರ ಕಾಲಿಗೆ ಆ ನೆಲ ಅಷ್ಟು ಒಗ್ಗಿತ್ತು. ಇನ್ನು ನಮ್ಮ ಇಳಿಜಾರು ಪ್ಲಾಸ್ಟಿಕ್ಕಿಗೂ ಮೊದಲೇ ಶುರುವಾಗಿತ್ತು. 1960ರಲ್ಲಿ ರೋಮ್‌ನಲ್ಲಿ ಚಿನ್ನ ಪಾಕಿಸ್ತಾನಕ್ಕೆ ಹೋದಾಗಲೂ, 1968 ಮತ್ತು 1972ರಲ್ಲಿ ಕಂಚಿಗೆ ತೃಪ್ತಿಪಟ್ಟಾಗಲೂ ಕಾಲ ಕೆಳಗಿದ್ದದ್ದು ಅಪ್ಪಟ ಹುಲ್ಲೇ. 1980ರಲ್ಲಿ ಮಾಸ್ಕೋದಲ್ಲಿ ಕೃತಕ ಹುಲ್ಲಿನ ಮೇಲೆಯೇ ಸ್ಪೇನನ್ನು 4–3ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ವಿ. ಭಾಸ್ಕರನ್ ನಾಯಕರು, ಕೊಡಗಿನ ಎಂ. ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಬಹಿಷ್ಕಾರದಿಂದಾಗಿ ಬಲಿಷ್ಠ ತಂಡಗಳು ಬರಲಿಲ್ಲ, ಇದ್ದದ್ದು ಆರೇ ತಂಡ ಎಂಬುದೂ ನಿಜ. ಆದರೂ ನಮ್ಮವರಿಗೆ ಆ ನೆಲದಲ್ಲಿ ಕುಣಿಯಲು ಬರುವುದೇ ಇಲ್ಲ ಎನ್ನುವವರಿಗೆ ಮಾಸ್ಕೋ ಒಂದು ಉತ್ತರ.

ಕೃತಕ ಹುಲ್ಲನ್ನು ತಂದವರಿಗೂ ಅವರದೇ ಕಾರಣಗಳಿದ್ದವು. ಯುರೋಪಿನ ಚಳಿಗಾಲದಲ್ಲಿ ಮೈದಾನ ಕೆಸರುಗದ್ದೆಯಾಗುತ್ತದೆ, ಪಂದ್ಯಗಳು ರದ್ದಾಗುತ್ತವೆ. ಹಾಕಿಯ ಚೆಂಡು ಸಣ್ಣದು, ಗಟ್ಟಿ; ಒಂದು ಗುಳಿಗೆ ಬಡಿದು ಮೇಲೆದ್ದರೆ ಹಲ್ಲು ಹೋಗುತ್ತದೆ. ಸಮತಟ್ಟಾದ ನೆಲದಲ್ಲಿ ಆಟ ವೇಗವಾಗುತ್ತದೆ, ಅದೃಷ್ಟದ ಪಾಲು ಕಡಿಮೆಯಾಗುತ್ತದೆ. ಇವೆಲ್ಲ ತಳ್ಳಿಹಾಕುವ ಮಾತುಗಳಲ್ಲ.

ಹಾಗಾದರೆ ನೆಲ ಡೊಂಕಾಗಿರಲಿಲ್ಲವೇ? ಇತ್ತು. ಆದರೆ ಡೊಂಕು ಇದ್ದದ್ದು ಮಾಂಟ್ರಿಯಲ್‌ನಲ್ಲಿ ಅಲ್ಲ.

ಹಾಕಿ ಮೈದಾನವೆಂದರೆ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅಷ್ಟಕ್ಕೆ ಪ್ಲಾಸ್ಟಿಕ್ ಹಾಸಲು ಲಕ್ಷಗಳ ಲೆಕ್ಕ ಸಾಲದು, ಕೋಟಿಗಳಲ್ಲಿ ಎಣಿಸಬೇಕು. ಕೆಳಗೆ ಜಲ್ಲಿ, ಡಾಂಬರು, ಮೆತ್ತೆ. ಸುತ್ತ ನೀರು ಚಿಮ್ಮುವ ಯಂತ್ರ. ನೈಲಾನ್ ಒಣಗಿದ್ದರೆ ಚರ್ಮವನ್ನು ಸುಲಿದುಹಾಕುತ್ತದೆ, ಚೆಂಡೂ ಸರಾಗವಾಗಿ ಓಡುವುದಿಲ್ಲ. ಆದ್ದರಿಂದ ಪ್ರತಿ ಪಂದ್ಯಕ್ಕೆ ಮುಂಚೆ ಸಾವಿರಾರು ಲೀಟರ್ ನೀರು ಹಾಯಿಸಬೇಕು. ಹತ್ತು ವರ್ಷದ ಆಸುಪಾಸಿನಲ್ಲಿ ಅದು ಸವೆದು, ಕಿತ್ತು ಹೊಸದು ಹಾಸಬೇಕು. ನೆದರ್ಲೆಂಡ್ಸ್, ಜರ್ಮನಿಗಳಲ್ಲಿ ಊರ ಕ್ಲಬ್ಬುಗಳೇ ಇಂಥ ಮೈದಾನ ಮಾಡಿಕೊಂಡವು. ಅಲ್ಲಿ ಆರು ವರ್ಷದ ಮಗು ಸ್ಟಿಕ್ ಹಿಡಿಯುವುದೇ ಟರ್ಫಿನ ಮೇಲೆ. ನಮ್ಮಲ್ಲಿ ದೊಡ್ಡ ನಗರಗಳಿಗೆ ಒಂದೋ ಎರಡೋ ಬಂದವು. ಗದ್ದೆಯಲ್ಲಿ ಆಡಿದ ಹುಡುಗ ಟರ್ಫ್ ಕಾಣುತ್ತಿದ್ದದ್ದು ಹದಿನೇಳು, ಹದಿನೆಂಟನೆಯ ವಯಸ್ಸಿನಲ್ಲಿ, ಅದೂ ಆಯ್ಕೆಯ ದಿನ.

ನಮ್ಮ ಶಾಲೆಯ ಒಬ್ಬ ಹುಡುಗನ ನೆನಪಾಗುತ್ತದೆ. ಎಂಬತ್ತರ ದಶಕದ ಕೊನೆಯ ಮಾತು. ಕೂಲಿ ಕೆಲಸದವರ ಮಗ. ಅವನ ಸ್ಟಿಕ್ಕಿನಿಂದ ಚೆಂಡು ಕಸಿಯಲು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೂ ಆಗುತ್ತಿರಲಿಲ್ಲ. ಒಂದು ಆಯ್ಕೆ ಶಿಬಿರಕ್ಕೆ ಅವನನ್ನು ಡ್ರಿಲ್ ಮೇಷ್ಟ್ರು ಬಸ್ಸು ಹತ್ತಿಸಿಕೊಂಡು ಕರೆದೊಯ್ದರು. ಅವನು ಟರ್ಫ್ ಮೆಟ್ಟಿದ್ದು ಅದೇ ಮೊದಲು. ಹಿಂದಿರುಗಿ ಬಂದಾಗ ಎರಡು ಮಂಡಿಯೂ ಸುಲಿದಿತ್ತು. ಏನಾಯಿತಪ್ಪಾ ಎಂದು ಕೇಳಿದೆ. 'ಚೆಂಡು ನನ್ನ ಹತ್ತಿರ ಬಂದದ್ದು ಗೊತ್ತಾಗೋದರೊಳಗೆ ಹೋಗಿಬಿಡ್ತಿತ್ತು ಸಾರ್' ಅಂದ. ಅಷ್ಟೇ ಅವನು ಹೇಳಿದ್ದು. ಆ ಶಿಬಿರದವರದು ತಪ್ಪೆಂದು ನಾನು ಹೇಳಲಾರೆ. ಟರ್ಫಿನಲ್ಲಿ ಆಡಬೇಕಾದ ತಂಡಕ್ಕೆ ಅವರು ಟರ್ಫಿನಲ್ಲಿ ಆಡಬಲ್ಲವರನ್ನೇ ಆರಿಸಬೇಕು. ಆ ಹುಡುಗ ಆಮೇಲೆ ಲಾರಿ ಡ್ರೈವರ್ ಆದ. ಅವನಂಥವರು ದೇಶದ ತುಂಬ ಎಷ್ಟು ಮಂದಿ ಇದ್ದರೋ, ಲೆಕ್ಕ ಇಟ್ಟವರಿಲ್ಲ. ಗೆದ್ದವರ ಪಟ್ಟಿಯಿಂದ ಚರಿತ್ರೆ ಬರೆಯುವಾಗ ಇಂಥ ಹೆಸರುಗಳು ಅದರಲ್ಲಿ ಬರುವುದಿಲ್ಲ.

ಸಮತಟ್ಟು ನೆಲದ ಮೇಲೆ ಆಟವೂ ಬೇರೆಯಾಯಿತು. ಚೆಂಡು ನೆಗೆಯದ ಕಡೆ ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಹೋಗುವ ಅಗತ್ಯವೇನು? ಐವತ್ತು ಗಜ ದೂರದವನಿಗೆ ನೇರ ಹೊಡೆದರಾಯಿತು. ಮಣಿಕಟ್ಟಿಗಿಂತ ಶ್ವಾಸಕೋಶ ಮುಖ್ಯವಾಯಿತು. ಜಲಂಧರ, ಸಿಯಾಲ್‌ಕೋಟ್‌ಗಳಲ್ಲಿ ಹಿಪ್ಪುನೇರಳೆ ಮರದಿಂದ ಮಾಡುತ್ತಿದ್ದ ಸ್ಟಿಕ್ಕಿನ ಜಾಗಕ್ಕೆ ನಾರುಗಾಜು, ಕಾರ್ಬನ್ ಬಂದವು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ಬಂತು. 1998ರಲ್ಲಿ ಆಫ್‌ಸೈಡ್ ನಿಯಮ ಪೂರ್ತಿ ಹೋಯಿತು. ಆಟದ ಹೆಸರೊಂದು ಉಳಿದು ಒಳಗಿನ ವಿದ್ಯೆ ಬದಲಾಯಿತು. 1982ರ ಮುಂಬಯಿ ವಿಶ್ವಕಪ್ ಹುಲ್ಲಿನ ಮೇಲೆ ನಡೆಯಿತು, ಗೆದ್ದದ್ದು ಪಾಕಿಸ್ತಾನ. 1986ರ ಲಂಡನ್ ವಿಶ್ವಕಪ್ ಟರ್ಫಿನ ಮೇಲೆ ನಡೆಯಿತು. ಹನ್ನೆರಡು ತಂಡಗಳಲ್ಲಿ ಪಾಕಿಸ್ತಾನ ಹನ್ನೊಂದನೆಯದು, ಭಾರತ ಹನ್ನೆರಡನೆಯದು. ಎರಡು ದೇಶಗಳಲ್ಲೂ ಒಟ್ಟಿಗೇ ಆಟಗಾರರು ಸೋಮಾರಿಗಳಾದರೆಂದು ನಂಬಲು ನನಗೆ ಕಷ್ಟ.

ಒಂದು ವಿಚಿತ್ರವನ್ನು ಗಮನಿಸಿ. ಮೈದಾನವಿಲ್ಲದ ನಗರದ ಮಕ್ಕಳು ಹಳ್ಳಿಯ ಮಕ್ಕಳಂತೆ ಆಡಲಿ ಎಂದು ಈ ಹುಲ್ಲನ್ನು ಮಾಡಿದರು. ಅದೇ ಹುಲ್ಲು ನಮ್ಮಲ್ಲಿಗೆ ಬರುವ ಹೊತ್ತಿಗೆ, ಮೈದಾನವಿದ್ದ ಹಳ್ಳಿಯ ಮಕ್ಕಳು ಆಡುವಂತಿಲ್ಲ ಎಂದಾಯಿತು. ಯಾರೂ ಹೀಗಾಗಲೆಂದು ಬಯಸಲಿಲ್ಲ. ಆದರೆ ನಿಯಮ ಬದಲಿಸುವ ಸಭೆಯಲ್ಲಿ ಕಾಫಿ ಗಿಡದ ಕೊಂಬೆ ಹಿಡಿದವನ ಪರವಾಗಿ ಮಾತಾಡಿ ಗೆದ್ದವರೂ ಇರಲಿಲ್ಲ.

ನೆಲದ ಮೇಲೆ ತಕರಾರು ಎತ್ತಿದವರು ನಾವು ಮಾತ್ರ ಎಂದೂ ತಿಳಿಯಬಾರದು. ಇಂಗ್ಲೆಂಡಿನಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಫುಟ್‌ಬಾಲ್ ಕ್ಲಬ್ 1981ರಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿತು. ಇನ್ನೂ ಮೂರು ಕ್ಲಬ್ಬುಗಳು ಅನುಸರಿಸಿದವು. ಇದರಿಂದ ಮನೆಯಂಗಳದವರಿಗೆ ಅನ್ಯಾಯದ ಲಾಭ ಎಂದು ಉಳಿದವರು ಗದ್ದಲವೆಬ್ಬಿಸಿದರು. ಕೊನೆಗೆ ಅದನ್ನು ನಿಷೇಧಿಸಿದರು. ಕೆನಡಾದಲ್ಲಿ 2015ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪನ್ನು ಪೂರ್ತಿ ಕೃತಕ ಹುಲ್ಲಿನ ಮೇಲೆ ಆಡಿಸಲು ಹೊರಟಾಗ, ಗಂಡಸರನ್ನು ಎಂದೂ ಹೀಗೆ ಆಡಿಸಿಲ್ಲವಲ್ಲ ಎಂದು ಆಟಗಾರ್ತಿಯರು ದೂರು ಕೊಟ್ಟರು. ಆಮೇಲೆ ಹಿಂದೆಗೆದುಕೊಂಡು ಅದರ ಮೇಲೆಯೇ ಆಡಿದರು. ಅವರಿಗೆಲ್ಲ ಕುಣಿಯಲು ಬರುತ್ತಿರಲಿಲ್ಲ ಎನ್ನೋಣವೇ?

ಈಗ ಕಾಲ ಸ್ವಲ್ಪ ತಿರುಗಿದೆ. ಕೊಡಗಿನಲ್ಲೇ ಪೊನ್ನಂಪೇಟೆಗೆ ಟರ್ಫ್ ಬಂದಿದೆ. ಒಡಿಶಾದ ಸುಂದರಗಢ ಜಿಲ್ಲೆಯಲ್ಲಿ ಬಿದಿರಿನ ಕೋಲು ಹಿಡಿದು ಆಡುತ್ತಿದ್ದ ಆದಿವಾಸಿ ಮಕ್ಕಳಿಗಾಗಿ ಹದಿನೇಳು ಬ್ಲಾಕುಗಳಲ್ಲೂ ಟರ್ಫ್ ಹಾಸುವ ಯೋಜನೆಯನ್ನು ಅಲ್ಲಿನ ಸರ್ಕಾರ ಕೈಗೊಂಡಿತು. 2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯನ್ನು 5–4ರಿಂದ ಸೋಲಿಸಿ ಭಾರತ ಕಂಚು ಗೆದ್ದಿತು. ಅದು ನಲವತ್ತೊಂದು ವರ್ಷಗಳ ನಂತರ ಬಂದ ಪದಕ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ಪೇನನ್ನು 2–1ರಿಂದ ಸೋಲಿಸಿ ಮತ್ತೆ ಕಂಚು. ನೆಲ ಸಿಕ್ಕಿದರೆ ನಮ್ಮವರಿಗೂ ಕುಣಿಯಲು ಬರುತ್ತದೆ ಎಂದಾಯಿತು. ಆದರೆ ನೆಲ ಸಿಗಲು ಹೆಚ್ಚುಕಡಿಮೆ ಎರಡು ತಲೆಮಾರು ಬೇಕಾಯಿತು.

ಇಷ್ಟರ ನಡುವೆ ಕೊಡಗಿನ ಜನ ಹಳೆಯ ನೆಲವನ್ನು ಬಿಡಲಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದ್ದು 360. ಗಿನ್ನೆಸ್ ದಾಖಲೆಯೂ ಆಯಿತು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುತ್ತಾರೆ. ಮಣ್ಣಿನ ಮೈದಾನ, ಏಪ್ರಿಲ್ ತಿಂಗಳ ಧೂಳು. ಅಲ್ಲಿ ಒಮ್ಮೊಮ್ಮೆ ಯಾವನೋ ನಡುವಯಸ್ಸಿನವನು ಸೊಂಟ ಬಗ್ಗಿಸಿ ಮೂವರನ್ನು ದಾಟಿಸಿಕೊಂಡು ಚೆಂಡು ಒಯ್ಯುವಾಗ, ಟಿವಿಯಲ್ಲಿ ಈಗ ಅಪರೂಪವಾದ ಆ ಹಳೆಯ ವಿದ್ಯೆ ಕಣ್ಣಿಗೆ ಬೀಳುತ್ತದೆ.

ಪ್ಲಾಸ್ಟಿಕ್ ಹುಲ್ಲಿಗೂ ಈಗ ವಿಚಾರಣೆಯ ಕಾಲ. ಬಿಸಿಲಿಗೆ ಅದು ನಿಜವಾದ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಫುಟ್‌ಬಾಲ್ ಟರ್ಫಿಗೆ ಸುರಿಯುವ ರಬ್ಬರ್ ಪುಡಿಯಂಥ ಸೂಕ್ಷ್ಮ ಪ್ಲಾಸ್ಟಿಕ್ಕನ್ನು ಯುರೋಪ್ ಒಕ್ಕೂಟ 2023ರಲ್ಲಿ ನಿರ್ಬಂಧಿಸಿ, ಮೈದಾನಗಳಿಗೆ ಎಂಟು ವರ್ಷದ ಗಡುವು ಕೊಟ್ಟಿತು. ಹಾಕಿಯ ಟರ್ಫಿಗೆ ಆ ಪುಡಿ ಬೇಡ. ಅದರ ತಾಪತ್ರಯ ನೀರಿನದು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರುಗಳಲ್ಲಿ ಪ್ಲಾಸ್ಟಿಕ್ಕಿಗೆ ನೀರು ಹಾಯಿಸುವುದನ್ನು ಸಮರ್ಥಿಸುವುದು ಕಷ್ಟ ಎಂಬುದು ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ನಿಗೂ ಮನವರಿಕೆಯಾಗಿ, ನೀರು ಬೇಡದ ಹಾಸಿಗಾಗಿ ಅದು ಹುಡುಕಾಟ ನಡೆಸಿದೆ. ಪ್ಯಾರಿಸ್‌ನಲ್ಲಿ ಹಾಸಿದ ಟರ್ಫಿಗೆ ಮೊದಲಿಗಿಂತ ಕಡಿಮೆ ನೀರು ಸಾಕಾಗಿತ್ತು. ಅದರ ಎಳೆಗಳ ಬಹುಪಾಲು ಕಬ್ಬಿನಿಂದ ತೆಗೆದ ಪ್ಲಾಸ್ಟಿಕ್. ಮಂಡ್ಯದವರು ಕೇಳಿದರೆ, ಕಬ್ಬಿಗೆ ಬೆಲೆ ಸಿಗಲು ಒಲಿಂಪಿಕ್ಸ್ ಬರಬೇಕಾಯಿತೇ ಎಂದಾರು.

ಇನ್ನೊಂದು ಹುಲ್ಲು ಬರುತ್ತಿದೆ ಎಂದಾಯಿತು. ನೀರು ಬೇಡದ ನೆಲ ಬಂದರೆ ಬಡವರ ಊರಿಗೂ ಅದು ಬರಬಹುದೆಂದು ಆಸೆಪಡಲು ಕಾರಣವಿದೆ. ಹಾಗೆ ಆಗದೆ, ಈಗಷ್ಟೇ ಟರ್ಫ್ ಕಂಡ ಸುಂದರಗಢ, ಪೊನ್ನಂಪೇಟೆಗಳ ಮಕ್ಕಳಿಗೆ ನಿಮ್ಮದು ಹಳೆಯ ನೆಲ ಎಂದು ಮತ್ತೊಮ್ಮೆ ಹೇಳುವಂತಾದರೆ, 1976ರ ಪಾಠವನ್ನು ಯಾರೂ ಕಲಿತಿಲ್ಲ ಎಂದೇ ಅರ್ಥ. ಆಟದ ನಿಯಮ ಬರೆಯುವವರು ಗೆರೆಯ ಅಗಲ, ಚೆಂಡಿನ ತೂಕ ಎಲ್ಲವನ್ನೂ ಅಳೆದು ಬರೆಯುತ್ತಾರೆ. ಒಂದು ನೆಲವನ್ನು ಒಪ್ಪುವ ಮೊದಲು, ಅದರ ಮೇಲೆ ಕಾಲಿಡಲು ಒಬ್ಬ ಕೂಲಿಯವನ ಮಗ ಎಷ್ಟು ದೂರ ಬಸ್ಸಿನಲ್ಲಿ ಹೋಗಬೇಕು ಎಂಬುದನ್ನೂ ಅಳೆದರೆ ಒಳ್ಳೆಯದು. ಆ ಅಳತೆ ಸರಿಯಿದ್ದಲ್ಲಿ ನೆಲ ಸರಿಯಿದೆ. ಆಮೇಲೆ ಕುಣಿಯುವವರು ಕುಣಿಯಲಿ, ಗಾದೆ ಹೇಳುವವರು ಹೇಳಲಿ.